ಬಾಣಂತನ ಮುಗಿದ ಮೇಲೂ ತಂಬಾಕು ದೂರವಿರಲಿ

ಮಾನ್ಯ ಸಂಪಾದಕರೇ,

ಬಸುರಿನಲ್ಲಿ ಬಿಟ್ಟ ತಂಬಾಕು ಹೆರಿಗೆಯಾದ ಕೆಲವೇ ತಿಂಗಳಲ್ಲಿ ಮತ್ತೆ ಮನೆ ಸೇರುತ್ತಿರುವುದನ್ನು ಆರೋಗ್ಯ ಇಲಾಖೆ ಗಂಭೀರವಾಗಿ ಪರಿಗಣಿಸಬೇಕು. ಬಾಣಂತಿಗೆ ಊಟದ ನಂತರ ಎಲೆ ಅಡಿಕೆ ಕೊಡುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ಒಂಬತ್ತು ತಿಂಗಳು ಕಷ್ಟಪಟ್ಟು ಹೊಗೆಸೊಪ್ಪು ಬಿಟ್ಟಿದ್ದವಳ ಬಾಯಿಗೆ ಅದು ಹಿಂದಿರುಗುವುದು ಹೆಚ್ಚಾಗಿ ಈ ಎಲೆಯೊಂದಿಗೇ. ನಿಕೋಟಿನ್ ಎದೆಹಾಲಿನ ಮೂಲಕ ಕೂಸನ್ನೂ ತಲುಪುತ್ತದೆ.

ಇನ್ನು ತಾಯಿ, ಮಗು ತವರಿನಿಂದ ಮರಳಿದ ಮನೆಯಲ್ಲಿ ತೊಟ್ಟಿಲ ಪಕ್ಕದಲ್ಲೇ ಬೀಡಿ ಹಚ್ಚುವ ಗಂಡಸರಿದ್ದಾರೆ. ಇತರರು ಬಿಟ್ಟ ಹೊಗೆಯಿಂದ ಹಸುಗೂಸುಗಳಿಗೆ ನ್ಯುಮೋನಿಯಾ, ಕಿವಿಯ ಸೋಂಕು, ಅಷ್ಟೇ ಏಕೆ, ನಿದ್ರೆಯಲ್ಲೇ ಹಠಾತ್ ಸಾವಿನ ಅಪಾಯವೂ ಹೆಚ್ಚುತ್ತದೆ. 2003ರ ತಂಬಾಕು ನಿಯಂತ್ರಣ ಕಾಯ್ದೆ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ತಡೆಯುತ್ತದೆಯೇ ಹೊರತು ಮನೆಯ ಹೊಸ್ತಿಲು ದಾಟುವುದಿಲ್ಲ. ಸಂಯಮವೆಲ್ಲ ಬಾಣಂತಿಯೊಬ್ಬಳದೇ ಹೊಣೆ ಎನ್ನುವುದು ಅನ್ಯಾಯ.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ 42 ದಿನಗಳೊಳಗೆ ಆಶಾ ಕಾರ್ಯಕರ್ತೆಯರು ಆರು ಬಾರಿ ಭೇಟಿ ನೀಡಬೇಕೆಂಬ ನಿಯಮವಿದೆ. ಆಗ ತಾಯಿಯ ಜೊತೆಗೆ ತಂದೆಯನ್ನೂ ಕೂರಿಸಿಕೊಂಡು ತಂಬಾಕಿನ ಬಗ್ಗೆ ವಿಚಾರಿಸಿ, ತಾಯಿ ಕಾರ್ಡಿನಲ್ಲಿ ದಾಖಲಿಸುವ ವ್ಯವಸ್ಥೆಯಾಗಲಿ. ಹದಿನಾಲ್ಕನೇ ವಾರದ ಲಸಿಕೆಗೆ ಬಂದಾಗ ಇದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಲಿ. ಚಟ ಬಿಡಲು ನೆರವಾಗುವ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356 ಅನ್ನು ಆ ಕಾರ್ಡಿನ ಮೇಲೆ ದಪ್ಪ ಅಕ್ಷರಗಳಲ್ಲಿ ಮುದ್ರಿಸಲಿ.

– ನಿವೃತ್ತ ಶಿಕ್ಷಕಿ, ಗದಗ