ಈ ಪಿತೃಪಕ್ಷದಿಂದ ನಿಮ್ಮ ಮನೆಯ ಪಿಂಡವನ್ನು ನಾವು ಬಾಣಗಂಗೆಗೆ ಬಿಡುವುದಿಲ್ಲ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಮುಂಬಯಿ ವಾಲ್ಕೇಶ್ವರದ ಬಾಣಗಂಗೆ ಕೊಳದಲ್ಲಿ ನಿಮ್ಮ ಪರವಾಗಿ ಪಿಂಡ ಮತ್ತು ನಿರ್ಮಾಲ್ಯ ಬಿಡುವ ಸೇವೆಯನ್ನು ನಮ್ಮ ಸಂಘ ಈ ವರ್ಷದ ಪಿತೃಪಕ್ಷದಿಂದ ನಿಲ್ಲಿಸುತ್ತಿದೆ. ಶ್ರಾದ್ಧದ ಸಾಮಾನಿನ ಚೀಲ ಎಂದಿನಂತೆ ನಿಮ್ಮ ಮನೆಗೆ ಬರುತ್ತದೆ. ಕಾರ್ಯ ಮುಗಿದ ಮೇಲೆ ನಿರ್ಮಾಲ್ಯ ತಗೊಂಡು ಹೋಗಲು ನಮ್ಮವರು ಬಂದೇ ಬರುತ್ತಾರೆ. ಆದರೆ ಅದು ಇನ್ನು ಕೊಳಕ್ಕೆ ಹೋಗುವುದಿಲ್ಲ. ಚೀಲದ ಒಳಗೂ ಸ್ವಲ್ಪ ಬದಲಾವಣೆ ಇದೆ. ಬೆಲೆ 40 ರೂಪಾಯಿ ಜಾಸ್ತಿಯಾಗಿದೆ.

ಯಾಕೆ ಅಂತ ನಿಮಗೆ ಪೂರ್ತಿ ಹೇಳಬೇಕು. ಇದು ನಿಮ್ಮ ಅಪ್ಪ ಅಮ್ಮನ ಕಾರ್ಯದ ವಿಷಯ. ಒಂದು ಸಾಲಿನ ಮೆಸೇಜ್ ಕಳಿಸಿ ಸುಮ್ಮನಾಗುವಂಥದ್ದಲ್ಲ.

ಈ ಸೇವೆ ಶುರುವಾದದ್ದು ನೀವು ಕೇಳಿದ್ದರಿಂದ. ಡೊಂಬಿವಲಿ, ಮುಲುಂಡ್, ನೆರೂಲ್ ಕಡೆ ಇರುವವರು ಮನೆಗೇ ಭಟ್ಟರನ್ನು ಕರೆಸಿ ಶ್ರಾದ್ಧ ಮಾಡುತ್ತೀರಿ. ಆಮೇಲೆ ಪಿಂಡ ಎಲ್ಲಿ ಬಿಡುವುದು? ಊರಲ್ಲಾದರೆ ಹೊಳೆ ಇದೆ, ಮನೆ ಹಿಂದೆ ತೋಟ ಇದೆ. ಇಲ್ಲಿ ಏಳನೇ ಮಹಡಿಯ ಮನೆ. ಕೆಲಸದ ದಿನ ಲೋಕಲ್ ಹಿಡಿದು, ಗ್ರಾಂಟ್ ರೋಡಿನಲ್ಲಿ ಇಳಿದು, ಟ್ಯಾಕ್ಸಿ ಮಾಡಿಕೊಂಡು ವಾಲ್ಕೇಶ್ವರಕ್ಕೆ ಹೋಗಿ ಬರುವುದು ಎಲ್ಲರ ಕೈಲಿ ಆಗುವುದಿಲ್ಲ. ಹೇಗೂ ನಮ್ಮ ತಮ್ಮ ಮನೆ ಮನೆಗೆ ಚೀಲ ಕೊಡಲು ಹೋಗುತ್ತಾನೆ, ವಾಪಸ್ ಬರುವಾಗ ಅವನೇ ತಂದು ಬಾಣಗಂಗೆಗೆ ಬಿಟ್ಟರಾಯಿತು ಅಂದುಕೊಂಡೆವು. ಮೊದಲ ವರ್ಷ ನಾಲ್ಕೈದು ಮನೆ. ಹೋದ ವರ್ಷ 100ರ ಹತ್ತಿರ ಮನೆ.

ಬಾಣಗಂಗೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇತ್ತು. ಮುಂಬಯಿಯಲ್ಲಿ ಪಿತೃಕಾರ್ಯ ಅಂದರೆ ಹಳಬರ ಬಾಯಲ್ಲಿ ಬರುವುದು ಅದೇ ಹೆಸರು. ಸೀತೆಯನ್ನು ಹುಡುಕಿಕೊಂಡು ಹೊರಟ ರಾಮನಿಗೆ ಅಲ್ಲಿ ಬಾಯಾರಿತು, ಸುತ್ತ ಉಪ್ಪು ನೀರು, ನೆಲಕ್ಕೆ ಬಾಣ ಹೊಡೆದಾಗ ಗಂಗೆ ಉಕ್ಕಿದಳು ಅನ್ನುವ ಕಥೆ ನಿಮಗೆಲ್ಲ ಗೊತ್ತಿದೆ. ಮರಳಿನಲ್ಲಿ ಲಿಂಗ ಮಾಡಿ ಪೂಜಿಸಿದ್ದರಿಂದ ವಾಲುಕೇಶ್ವರ, ಅದೇ ಈಗಿನ ವಾಲ್ಕೇಶ್ವರ. ಕಥೆ ಇರಲಿ. ಅಲ್ಲಿ ನಿಂತು ನೋಡಿದರೂ ಆಶ್ಚರ್ಯ ಆಗುತ್ತದೆ. ನಾಲ್ಕು ಹೆಜ್ಜೆ ಹೋದರೆ ಸಮುದ್ರ. ಆದರೂ ಕೊಳದಲ್ಲಿ ಸಿಹಿ ನೀರಿನ ಒರತೆ. ದೇವಸ್ಥಾನ, ಕೊಳ ಎರಡನ್ನೂ 1127ರಲ್ಲಿ ಶಿಲಾಹಾರರ ಮಂತ್ರಿ ಲಕ್ಷ್ಮಣ ಪ್ರಭು ಕಟ್ಟಿಸಿದ ಎನ್ನುತ್ತಾರೆ. ಈ ಶಿಲಾಹಾರರು ಮೊದಲಿಗೆ ನಮ್ಮ ರಾಷ್ಟ್ರಕೂಟರ ಸಾಮಂತರಾಗಿದ್ದವರು. ಪೋರ್ಚುಗೀಸರ ಕಾಲದಲ್ಲಿ ದೇವಸ್ಥಾನ ಹಾಳಾಯಿತು. 1715ರಲ್ಲಿ ರಾಮ ಕಾಮತಿ ಎಂಬ ಸಾರಸ್ವತ ವ್ಯಾಪಾರಿಯ ದುಡ್ಡಿನಿಂದ ಮತ್ತೆ ಎದ್ದು ನಿಂತಿತು. ಕರಾವಳಿಯಿಂದ ಬಂದ ಕೊಂಕಣಿ ಮನೆಯವರಿಗೆ ಬೇಕಾದ ಕಾಶೀಮಠ, ಕವಳೆಮಠ ಎರಡೂ ಅದೇ ಕೊಳದ ಬದಿಯಲ್ಲಿವೆ. ನಮ್ಮಲ್ಲಿ ಎಷ್ಟೋ ಮನೆಗಳ ಅಜ್ಜ ಮುತ್ತಜ್ಜಂದಿರಿಗೆ ಅಲ್ಲೇ ಎಳ್ಳುನೀರು ಬಿಟ್ಟಿದ್ದಾರೆ. ಆ ಜಾಗವೇ ಸಾಕು ಅಂತ ನಾವೂ ನಂಬಿದ್ದೆವು, ನೀವೂ ನಂಬಿದ್ದಿರಿ.

ಹೋದ ವರ್ಷ ಮಹಾಲಯ ಅಮಾವಾಸ್ಯೆ ಕಳೆದು ಎರಡು ದಿನಕ್ಕೆ ನಮ್ಮ ತಮ್ಮ ಉಳಿದ ಎರಡು ಮನೆಯ ಪಿಂಡ ತಗೊಂಡು ಅಲ್ಲಿಗೆ ಹೋದ. ಸ್ವಲ್ಪ ಹೊತ್ತಿಗೆ ಫೋನ್ ಮಾಡಿದ. 'ಅಕ್ಕ, ನಾನು ಇದನ್ನು ಬಿಡಲ್ಲ. ನೀವೇ ಬಂದು ನೋಡಿ.' ನಾವು ಮೂವರು ಹೋದೆವು. ಮೇಲಿನ ಮೆಟ್ಟಿಲಿಗೇ ವಾಸನೆ ಬರುತ್ತಿತ್ತು. ನೀರಿನ ಅಂಚಿಗೆ ಉದ್ದಕ್ಕೂ ಬೆಳ್ಳಗೆ ಮೀನು. ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು. ಬದುಕಿದ್ದವು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಕೆಲಸದವರು ಬಲೆ ಹಾಕಿ ಎತ್ತಿ ಬುಟ್ಟಿಗೆ ತುಂಬುತ್ತಿದ್ದರು. ಅವುಗಳ ನಡುವೆ ಒಂದು ಮುತ್ತುಗದ ದೊನ್ನೆ ತೇಲುತ್ತಿತ್ತು. ಅಂಚಿಗೆ ನಾವು ಹಾಕುವ ಹೊಲಿಗೆಯೇ. ನಮ್ಮ ಕೈಯ ಕೆಲಸ ನಮಗೆ ಗೊತ್ತಾಗುವುದಿಲ್ಲವಾ?

ಹೀಗಾಗಿದ್ದು ಮೊದಲ ಸಲ ಅಲ್ಲ. ಪಕ್ಷ ಮುಗಿದ ಮೇಲೆ ಬಾಣಗಂಗೆಯಲ್ಲಿ ಮೀನು ಸತ್ತ ಸುದ್ದಿ ಪೇಪರಿನಲ್ಲಿ ಹಲವು ಸಲ ಬಂದಿದೆ. ನಾವು ಓದಿ ಮಡಚಿ ಇಟ್ಟಿದ್ದೆವು. ನಮ್ಮ ಚೀಲಕ್ಕೂ ಆ ಸುದ್ದಿಗೂ ಸಂಬಂಧ ಇದೆ ಅಂತ ಹೊಳೆದಿರಲಿಲ್ಲ.

ಸಂಬಂಧ ಸರಳವಾಗಿದೆ. ಮೀನಿಗೂ ಉಸಿರಾಡಲು ಗಾಳಿ ಬೇಕು. ಅದು ನೀರಿನಲ್ಲಿ ಕರಗಿರುವ ಆಮ್ಲಜನಕ. ಹಿಟ್ಟು, ಅನ್ನ, ಹಾಲು, ಹೂವು ನೀರಿನಲ್ಲಿ ಕೊಳೆಯಲು ಶುರುವಾದಾಗ, ಅದನ್ನು ಕೊಳೆಸುವ ಸಣ್ಣ ಜೀವಿಗಳು ಆ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೇಲೆ ತುಪ್ಪ ಎಣ್ಣೆಯ ಪದರ ಬಂದರೆ ಹೊರಗಿನ ಗಾಳಿ ಒಳಗೆ ಸೇರುವುದೂ ಕಷ್ಟ. ಹೊಳೆಯಾದರೆ ನೀರು ಹರಿದು ಹೋಗುತ್ತದೆ. ಕೊಳದಲ್ಲಿ ಒರತೆ ಎಷ್ಟು ಬಂದೀತು? ಮಳೆ ಬಿಟ್ಟು ಬಿಸಿಲು ಏರುವ ಸಮಯ ಬೇರೆ, ಬಿಸಿ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಹದಿನೈದು ದಿನ ಸಾವಿರಾರು ಜನ ಬಂದು ಹಾಕಿದ್ದು ಅಮಾವಾಸ್ಯೆಗೆ ತುದಿ ಮುಟ್ಟುತ್ತದೆ. ನಮ್ಮ ಲೆಕ್ಕವನ್ನೂ ತೆಗೆದು ನೋಡಿದೆವು. ಚೀಲಕ್ಕೆ ಅರ್ಧ ಕೆಜಿ ಜವೆಗೋಧಿ ಹಿಟ್ಟು, 100 ಮನೆ. ನಮ್ಮಿಂದಲೇ 50 ಕೆಜಿ ಹಿಟ್ಟು.

2024ರ ಜೂನ್‌ನಲ್ಲಿ ಹೂಳು ತೆಗೆಯಲು ಜೆಸಿಬಿ ಇಳಿಸಿ ಆ ಕೊಳದ ಮೆಟ್ಟಿಲು ಒಡೆದರಲ್ಲ, ಆಗ ನಿಮ್ಮಲ್ಲಿ ಎಷ್ಟು ಜನ ನಮ್ಮ ಗ್ರೂಪಿನಲ್ಲಿ ಸಿಟ್ಟಿನಿಂದ ಬರೆದಿದ್ದಿರಿ! ನಮಗೂ ಹೊಟ್ಟೆ ಉರಿದಿತ್ತು. ಅಷ್ಟು ಹಳೆಯ ಕಲ್ಲು, ಒಂದು ದಿನದಲ್ಲಿ ಹೋಯಿತು. ಆದರೆ ವರ್ಷ ವರ್ಷ ಭಕ್ತಿಯಿಂದಲೇ ನಾವು ಅದೇ ಕೊಳಕ್ಕೆ ಮಾಡುತ್ತಿದ್ದದ್ದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಇದಕ್ಕಾಗಿ ಕ್ಷಮೆ ಕೇಳುತ್ತೇವೆ. ನಿಮ್ಮ ಹೆಸರಿನಲ್ಲಿ ಮಾಡಿದ ಕೆಲಸ ಅದು.

ನಮ್ಮ ಏಳು ಜನರಲ್ಲಿ ಒಬ್ಬರ ತವರು ಬೆಳ್ತಂಗಡಿ ಕಡೆ. ಅವರು ಅವತ್ತು ಮನೆಗೆ ಬರುವ ತನಕ ಮಾತಾಡಲಿಲ್ಲ. ಆಮೇಲೆ ಶಿಶಿಲದ ವಿಷಯ ತೆಗೆದರು. ಅಲ್ಲಿ ದೇವಸ್ಥಾನದ ಎದುರು ಕಪಿಲಾ ಹೊಳೆಯಲ್ಲಿ ಇರುವುದು ದೇವರ ಮೀನು. ಯಾರೂ ಹಿಡಿಯುವುದಿಲ್ಲ. 1996ರಲ್ಲಿ ಯಾರೋ ವಿಷ ಹಾಕಿ ಸಾವಿರಗಟ್ಟಲೆ ಮೀನು ಸತ್ತವು. ಊರವರು ಮನೆಯವರೇ ಹೋದಂತೆ ಅತ್ತರು, ಸ್ಮಾರಕ ಕಟ್ಟಿದರು. 'ಅದು ದೇವರ ಮೀನಾದರೆ ಇದು ಯಾರ ಮೀನು?' ಅಂತ ಕೇಳಿದರು. ಸಂಘದ ತೀರ್ಮಾನ ಅವತ್ತೇ ಆಯಿತು.

ಆದರೆ ನಾವೇ ಕೂತು ಶಾಸ್ತ್ರ ಬದಲಾಯಿಸುವವರಲ್ಲ. ನಿಮ್ಮಲ್ಲಿ ಹಲವರ ಮನೆಗೆ ಬರುವ ಹಿರಿಯ ಭಟ್ಟರ ಹತ್ತಿರ ಹೋಗಿ ಕೇಳಿದೆವು. ಪಿಂಡವನ್ನು ನೀರಿಗೇ ಬಿಡಬೇಕು ಅಂತಿಲ್ಲ, ಹಸುವಿಗೆ ಕೊಡಬಹುದು, ಅಗ್ನಿಗೆ ಹಾಕಬಹುದು, ಇವೆಲ್ಲ ಧರ್ಮಶಾಸ್ತ್ರದಲ್ಲೇ ಇದೆ ಅಂದರು. ದೊಡ್ಡ ಪಿಂಡ ಮಾಡಿದರೆ ಪುಣ್ಯ ಜಾಸ್ತಿ ಅನ್ನುವುದೂ ಇಲ್ಲ, ನೆಲ್ಲಿಕಾಯಿ ಗಾತ್ರ ಸಾಕು ಅಂದರು. ಆಮೇಲೆ ದೇವಸ್ಥಾನದ ಹಾದಿಯಲ್ಲಿ ಹಸು ಕಟ್ಟಿಕೊಂಡು ಹುಲ್ಲು ಮಾರುವ ಒಬ್ಬ ತಾಯಿಯನ್ನೂ ಕೇಳಿದೆವು. ಅವರ ಉತ್ತರ ನಮಗೆ ಹೊಸದು. 'ತನ್ನಿ, ಆದರೆ ಸ್ವಲ್ಪ ತನ್ನಿ. ಹಿಟ್ಟು ಜಾಸ್ತಿ ತಿಂದರೆ ಹಸುವಿಗೆ ಹೊಟ್ಟೆ ಉಬ್ಬರ ಬರುತ್ತದೆ.' ಮೀನನ್ನು ಉಳಿಸಲು ಹೋಗಿ ಹಸುವನ್ನು ಕೆಡಿಸಬಾರದು, ಅಲ್ವಾ? ಹಾಗಾಗಿ ಈಗ ಚೀಲದಲ್ಲಿ ಹಿಟ್ಟು 100 ಗ್ರಾಂ ಮಾತ್ರ. ಅಷ್ಟರಲ್ಲಿ ನೆಲ್ಲಿಕಾಯಿ ಗಾತ್ರದ ಪಿಂಡ ಬೇಕಾದಷ್ಟು ಆಗುತ್ತದೆ, ನಾವು ಮಾಡಿ ನೋಡಿದ್ದೇವೆ.

ಇನ್ನು ಮುಂದೆ ಹೀಗೆ ನಡೆಯುತ್ತದೆ. ನಮ್ಮ ತಮ್ಮ ಬಂದಾಗ ಪಿಂಡವನ್ನು ಒಂದು ದೊನ್ನೆಯಲ್ಲಿ, ಹೂವು ದರ್ಭೆಯನ್ನು ಬಟ್ಟೆ ಚೀಲದಲ್ಲಿ ಬೇರೆ ಬೇರೆ ಕೊಡಿ. ಪಿಂಡ ಅವತ್ತೇ ಹಸುಗಳಿಗೆ ಹೋಗುತ್ತದೆ, ಒಂದೇ ಹಸುವಿಗಲ್ಲ, ನಾಲ್ಕೈದು ಕಡೆ ಹಂಚಿ. ಹೂವು, ತುಳಸಿ, ದರ್ಭೆ, ಎಲೆ ಎಲ್ಲ ನಮ್ಮ ಸದಸ್ಯೆಯೊಬ್ಬರ ಸೊಸೈಟಿಯಲ್ಲಿ ಮಾಡಿಸಿರುವ ಗೊಬ್ಬರದ ಗುಂಡಿಗೆ. ಅನ್ನ, ತುಪ್ಪ ತಾಗಿದ್ದು ಆ ಗುಂಡಿಗೆ ಬೇಡ, ಇಲಿ ಬರುತ್ತದೆ. ಗೊಬ್ಬರವಾದ ಮೇಲೆ ಪ್ರತಿ ಮನೆಗೂ ಒಂದು ಪೊಟ್ಟಣ ವಾಪಸ್ ತಂದು ಕೊಡುತ್ತೇವೆ. ನಿಮ್ಮ ಬಾಲ್ಕನಿಯ ತುಳಸಿಗೆ ಹಾಕಿ. ಅಪ್ಪನ ಶ್ರಾದ್ಧದ ಹೂವು ಮನೆಯ ತುಳಸಿ ಬುಡಕ್ಕೇ ಬರುತ್ತದೆ ಅಂದಾಗ ನಮ್ಮಲ್ಲಿ ಇಬ್ಬರು ಕಣ್ಣು ಒರೆಸಿಕೊಂಡರು. ಒಡೆದ ದೇವರ ಫೋಟೋ, ಗಾಜು, ಹಳೇ ಫ್ರೇಮು ಮಾತ್ರ ದಯವಿಟ್ಟು ಕೊಡಬೇಡಿ.

ಚೀಲದ ವಿಷಯ. 2018ರಲ್ಲಿ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ನಿಷೇಧ ಬಂದಾಗ ನಾವು ಹೊರಗಿನ ಚೀಲ ಬದಲಾಯಿಸಿದ್ದೆವು. ಎಳ್ಳು, ಕುಂಕುಮ, ತುಪ್ಪದ ಸಣ್ಣ ಪ್ಲಾಸ್ಟಿಕ್ ಪೊಟ್ಟಣ ಹಾಗೇ ಉಳಿದಿತ್ತು. ಈಗ ಅದೂ ಇಲ್ಲ. ಕಾಗದದ ಪೊಟ್ಟಣ, ತುಪ್ಪಕ್ಕೆ ಮಣ್ಣಿನ ಕುಡಿಕೆ. ಹೂವು ಹತ್ತಿ ನೂಲಿನಲ್ಲಿ ಕಟ್ಟಿದ್ದು, ನೈಲಾನ್ ದಾರ ಬೇಡ ಅಂತ ದಾದರಿನ ಹೂವಿನವರಿಗೆ ಹೇಳಿ ಆಗಿದೆ. ಅಡಿಕೆ ಹಾಳೆ ತಟ್ಟೆ ಊರಿಂದಲೇ ಬರುತ್ತದೆ. ಇವುಗಳಿಂದಾಗಿ 350 ಇದ್ದದ್ದು 390 ಆಯಿತು. ಹಿಟ್ಟು ಕಡಿಮೆ ಮಾಡಿ ಬೆಲೆ ಏರಿಸಿದರು ಅಂತ ಅನಿಸಬಹುದು. ಗೊಬ್ಬರದ ಗುಂಡಿ ನೋಡಿಕೊಳ್ಳುವವರಿಗೆ ಕೂಲಿ ಕೊಡಬೇಕು. ಅದೂ ಇದರಲ್ಲೇ ಸೇರಿದೆ.

ಈ ಪತ್ರಕ್ಕೆ ಮೊದಲು ಕೆಲವು ಹಳೇ ಗ್ರಾಹಕರಿಗೆ ಫೋನ್ ಮಾಡಿ ಹೇಳಿದ್ದೆವು. ಘಾಟ್ಕೋಪರಿನ ಒಬ್ಬ ಅಜ್ಜಿಗೆ ತುಂಬಾ ಬೇಸರ ಆಯಿತು. 'ಮೂವತ್ತು ವರ್ಷದಿಂದ ಅವರದ್ದು ಅಲ್ಲೇ ಬಿಟ್ಟದ್ದು ಮಗಾ. ಈಗ ಅವರು ಎಲ್ಲಿ ಹುಡುಕಬೇಕು?' ಅಂದರು. ಆ ಮಾತಿಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಒಂದು ವಾರ ಅದನ್ನೇ ಯೋಚಿಸಿದೆವು. ಕೊನೆಗೆ ಒಂದು ವ್ಯವಸ್ಥೆ ಮಾಡಿದ್ದೇವೆ.

ಬಾಣಗಂಗೆಗೆ ಹೋಗಬೇಡಿ ಅಂತ ನಾವು ಹೇಳುತ್ತಿಲ್ಲ. ಹೋಗಿ. ಮೆಟ್ಟಿಲ ಮೇಲೆ ಕೂತು ತರ್ಪಣ ಕೊಡಿ. ಅದಕ್ಕೆ ದರ್ಭೆ, ಚಿಟಿಕೆ ಕರಿ ಎಳ್ಳು, ನೀರು ಇದ್ದರೆ ಆಯಿತು. ನೀರು ಒಂದು ತಾಮ್ರದ ತಟ್ಟೆಗೆ ಬೀಳಲಿ. ಮುಗಿದ ಮೇಲೆ ಯಾವುದಾದರೂ ಗಿಡದ ಬುಡಕ್ಕೆ ಹಾಕಿ. ಪಕ್ಷದ ಭಾನುವಾರಗಳಲ್ಲಿ ಮತ್ತು ಮಹಾಲಯ ಅಮಾವಾಸ್ಯೆಯ ದಿನ ಬೆಳಿಗ್ಗೆ ಆರರಿಂದ ಹತ್ತರ ತನಕ ನಮ್ಮಲ್ಲಿ ಇಬ್ಬರು ಕೊಳದ ದೀಪಸ್ತಂಭದ ಹತ್ತಿರ ಇರುತ್ತೇವೆ. ತಟ್ಟೆ ನಮ್ಮಲ್ಲಿರುತ್ತದೆ. ಇಳಿಯಲು ಕಷ್ಟ ಆಗುವ ಹಿರಿಯರಿಗೆ ಕೈ ಹಿಡಿದು ಕೂರಿಸುತ್ತೇವೆ. ತಂದ ಪಿಂಡ, ಹೂವು ನಮ್ಮ ಕೈಗೆ ಕೊಡಿ. ಘಾಟ್ಕೋಪರಿನ ಅಜ್ಜಿ ಮೊದಲ ಭಾನುವಾರವೇ ಬರುತ್ತೇನೆ ಅಂದಿದ್ದಾರೆ. ಅವರನ್ನು ಕರೆತರಲು ನಮ್ಮ ತಮ್ಮ ಹೋಗುತ್ತಾನೆ.

ದರ್ಭೆ ಎಂದಿನಂತೆ ಶ್ರಾವಣ ಅಮಾವಾಸ್ಯೆಗೆ ಕಿತ್ತದ್ದು. ಎಷ್ಟು ಚೀಲ ಬೇಕು, ಯಾವ ತಿಥಿ, ನಾವು ಮನೆಗೆ ಬರಬೇಕಾ ಅಥವಾ ನೀವೇ ಬಾಣಗಂಗೆಗೆ ಬರುತ್ತೀರಾ, ಇಷ್ಟನ್ನು ಚೌತಿಯ ಒಳಗೆ ತಿಳಿಸಿ. ನಂಬರ್ ಹಳೆಯದೇ. ಹೋದ ವರ್ಷದ ಬಟ್ಟೆ ಚೀಲ ಮನೆಯಲ್ಲಿದ್ದರೆ ಒಗೆದು ತೆಗೆದಿಡಿ, ಹೊಸದು ಕೊಡುವಾಗ ತಗೊಳ್ಳುತ್ತೇವೆ.

ಇಂತಿ ನಿಮ್ಮ,
ಸಂಘದ ಏಳು ಜನ
ಮಾಟುಂಗ, ಮುಂಬಯಿ