ಹುಗ್ಗಿ ಕಿತ್ತರೆ ಕಥೆ ಎಲ್ಲಿ ಉಳಿಯುತ್ತೆ?

ಮಾನ್ಯರೇ,

ಭಾನುವಾರದ ಪುಸ್ತಕ ಬಿಡುಗಡೆಯ ವರದಿ ಓದಿದೆ. ಇಂಗ್ಲಿಷ್ ಕಾದಂಬರಿಕಾರ ಥಾಮಸ್ ಹಾರ್ಡಿಯ ‘ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್’ ಕಾದಂಬರಿಯನ್ನು ಕತ್ತರಿಸಿ ಚಿಕ್ಕದು ಮಾಡಿದ ಆ ಪುಸ್ತಕವನ್ನು, ವಿದ್ಯಾರ್ಥಿಗಳ ಹೊರೆ ಇಳಿಸಿದ್ದು ಅಂತ ಹೊಗಳಿದ್ದೀರಿ. ನಾನೂ ಆ ಸಭೆಯಲ್ಲಿದ್ದೆ. ಹತ್ತಕ್ಕೆ ಅಂದವರು ಶುರು ಮಾಡಿದ್ದು ಹನ್ನೊಂದೂವರೆಗೆ. ಫ್ಯಾನ್ ತಿರುಗಲಿಲ್ಲ, ಮೈಕ್ ಕೆಟ್ಟಿತ್ತು, ಕುಡಿಯಲು ನೀರೂ ಇರಲಿಲ್ಲ. ಇಷ್ಟೆಲ್ಲ ಸಹಿಸಿ ಕೂತರೆ ಅತಿಥಿಗಳು ಹೇಳಿದ್ದೇನು? ಹಳೆಯ ಕಾದಂಬರಿಗಳಲ್ಲಿ ಊಟ, ತಿಂಡಿ, ಮನೆಗೆಲಸದ ವಿವರ ಜಾಸ್ತಿ, ಅದನ್ನು ತೆಗೆದರೆ ಕಥೆಗೆ ನಷ್ಟವಿಲ್ಲವಂತೆ!

ಹಾರ್ಡಿಯ 1886ರ ಈ ಕಾದಂಬರಿಯ ಮೊದಲ ಅಧ್ಯಾಯದಲ್ಲೇ ಜಾತ್ರೆಯ ಒಂದು ಡೇರೆ ಬರುತ್ತೆ. ಬಿಳಿ ಏಪ್ರನ್ ಕಟ್ಟಿದ ಹೆಂಗಸು ಮೂರು ಕಾಲಿನ ಹಂಡೆಯಲ್ಲಿ ಫರ್ಮಿಟಿ ಕಲಕುತ್ತಿರುತ್ತಾಳೆ. ಇಡೀ ಗೋಧಿ, ಹಾಲು, ಒಣದ್ರಾಕ್ಷಿ ಹಾಕಿದ್ದು, ಹೆಚ್ಚುಕಡಿಮೆ ನಮ್ಮ ಗೋಧಿ ಹುಗ್ಗಿ. ಪಕ್ಕದಲ್ಲೇ ಬಿಯರ್ ಡೇರೆ ಇದೆ. ಅಲ್ಲಿ ಬೇಡ, ದಣಿದ ಮೈಗೆ ಇದೇ ಒಳ್ಳೆಯದು ಅಂತ ಗಂಡನನ್ನು ಇಲ್ಲಿಗೆ ಕರೆತರುವವಳು ಹೆಂಡತಿಯೇ. ಆದರೆ ಆ ಅಂಗಡಿಯವಳು ಮೇಜಿನ ಕೆಳಗಿಂದ ಬಾಟಲಿ ತೆಗೆದು ಅವನ ಬಟ್ಟಲಿಗೆ ಕದ್ದು ರಮ್ ಸುರಿಯುತ್ತಾಳೆ. ಅವನು ಅದರ ಮತ್ತಿನಲ್ಲಿ ಹೆಂಡತಿಯನ್ನು ಐದು ಗಿನಿಗೆ (ಆ ಕಾಲದ ಇಂಗ್ಲಿಷ್ ಹಣ) ಮಾರಿಬಿಡುತ್ತಾನೆ. ಎಷ್ಟೋ ವರ್ಷದ ಮೇಲೆ ಅವನು ನ್ಯಾಯಪೀಠದಲ್ಲಿ ಕೂತಾಗ, ಎದುರು ಬಂದು ಅವನ ಗುಟ್ಟು ಬಿಚ್ಚುವವಳೂ ಇದೇ ಹೆಂಗಸು.

ಭಾನುವಾರದ ಪುಸ್ತಕದಲ್ಲಿ ಇದಿಷ್ಟಕ್ಕೂ ‘ಕುಡಿದ ಅಮಲಿನಲ್ಲಿ’ ಅಂತ ಎರಡು ಪದ. ಮುಂದೆ ಕೋರ್ಟಿಗೆ ಒಬ್ಬ ಮುದುಕಿ ಬರುತ್ತಾಳೆ. ಇವಳ್ಯಾರು ಅಂತ ಬಿ.ಎ. ಓದುವ ನನ್ನ ಮಗಳು ಕೇಳಿದಳು. ನಾನೇನು ಹೇಳಲಿ?

ಮೊಳಕೆಯೊಡೆದ ಗೋಧಿಯ ಬ್ರೆಡ್ಡಿನ ಪ್ರಸಂಗವನ್ನೂ ಕಿತ್ತಿದ್ದಾರೆ. ಒಳಗೆ ದೊಡ್ಡವರ ಭೋಜನ, ಹೊರಗೆ ಕೆಟ್ಟ ಬ್ರೆಡ್ ತಿಂದ ಜನರ ಕೂಗು. ಆ ಗೋಧಿ ಮಾರಿದವನೇ, ಅಂದರೆ ಹಿಂದೆ ಹೆಂಡತಿಯನ್ನು ಮಾರಿದವನೇ, ಒಳಗೆ ಮೇಯರ್ ಆಗಿ ಕೂತಿದ್ದಾನೆ. ಅವನ ಪತನ ಶುರುವಾಗುವುದೇ ಅಲ್ಲಿ, ಅಲ್ವಾ? ಇನ್ನು ಹಾರ್ಡಿಯದೇ 1891ರ ಕಾದಂಬರಿ ‘ಟೆಸ್’ ಇವರ ಕೈಗೆ ಸಿಕ್ಕರೆ, ಬೆಣ್ಣೆಗೆ ಬೆಳ್ಳುಳ್ಳಿ ವಾಸನೆ ಬಂತೆಂದು ಡೇರಿಯವರೆಲ್ಲ ಸಾಲಾಗಿ ಬಗ್ಗಿ ಹುಲ್ಲುಗಾವಲಿನಲ್ಲಿ ಬೆಳ್ಳುಳ್ಳಿ ಗಿಡ ಹುಡುಕುವ ಪುಟವೂ ಹೋಗುತ್ತೆ. ಆ ಸಾಲಿನಲ್ಲಿ ನಾಯಕಿ ಟೆಸ್ ಮತ್ತು ಅವಳು ಪ್ರೀತಿಸುವ ಏಂಜೆಲ್ ಅಕ್ಕಪಕ್ಕ ನಡೆಯುತ್ತಾರೆ ಅನ್ನುವುದು ಇವರಿಗೆ ಬೇಕಿಲ್ಲ.

ಮಗಳಿಗೆ ಪೂರ್ತಿ ಪುಸ್ತಕವನ್ನೇ ಕೊಡಿಸೋಣ ಅಂತ ಟ್ಯಾಂಕ್ ಪಕ್ಕದ ಗ್ರಂಥಾಲಯಕ್ಕೆ ಹೋದೆ. ಬೀಗ. ರಿಪೇರಿ ಅಂತ ಬೋರ್ಡು ಹಾಕಿ ಎಷ್ಟು ಕಾಲವಾಯ್ತು ನಿಮಗೇ ಗೊತ್ತು. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಸೆಸ್ ಮಾತ್ರ ತಪ್ಪದೆ ವಸೂಲಾಗುತ್ತೆ. ಕಚೇರಿಯಲ್ಲಿ ಕೇಳಿದರೆ ಆ ಟೇಬಲ್ಲು, ಈ ಟೇಬಲ್ಲು, ಆಮೇಲೆ ಸಾಹೇಬರು ಮೀಟಿಂಗಲ್ಲಿದ್ದಾರೆ. ಆ ರಸ್ತೆಯ ದೀಪ ಕೆಟ್ಟಿರುವ ಬಗ್ಗೆ ಹಿಂದೆ ಅರ್ಜಿ ಕೊಟ್ಟಾಗಲೂ ಇದೇ ಉತ್ತರ. ಬರುವಾಗ ಕತ್ತಲಲ್ಲಿ ಚರಂಡಿ ಕಲ್ಲಿಗೆ ಎಡವಿ ಚಪ್ಪಲಿ ಕಿತ್ತುಹೋಯ್ತು.

ಪಠ್ಯ ಆರಿಸುವವರು ಈ ಪುಸ್ತಕವನ್ನು ಕೈಬಿಡಬೇಕು, ಇಲ್ಲವೇ ಕಿತ್ತ ಪುಟಗಳನ್ನು ಮರಳಿ ಸೇರಿಸಬೇಕು. ಗ್ರಂಥಾಲಯದ ಬೀಗವನ್ನೂ ತೆಗೆಸಬೇಕು. ಯಾರ ಕೆಲಸವೋ ಅವರು ಮಾಡಲಿ. ಮಕ್ಕಳ ಓದು ಅಂದರೆ ಇಷ್ಟು ಸದರವಾ ಇವರಿಗೆ?

– ಒಬ್ಬ ಓದುಗ