ಸೂಜಿಗಿಂತ ಮೊದಲು ಪಾಠ ಮಾಡಿ

ಮಾನ್ಯ ಸಂಪಾದಕರೇ,

ನಮ್ಮ ಹಳೇಪೇಟೆ ಶಾಲೆಯ ಲಸಿಕೆ ಶಿಬಿರಕ್ಕೆ 'ಪೋಷಕರ ಮೂಢನಂಬಿಕೆಯಿಂದ ನೀರಸ ಪ್ರತಿಕ್ರಿಯೆ' ಬಂತು ಎಂದು ನಿಮ್ಮ ಜಿಲ್ಲಾ ಪುಟದಲ್ಲಿ ಓದಿದೆ. ಮೈಯೆಲ್ಲ ಉರಿಯಿತು. ಆ ದಿನ ನಾನು ಅಲ್ಲೇ ಇದ್ದೆ. ನಿಮ್ಮ ವರದಿಗಾರರನ್ನು ಅಲ್ಲಿ ನೋಡಲಿಲ್ಲ. ಆರೋಗ್ಯ ಇಲಾಖೆ ಸಾಹೇಬರು ಫೋನಿನಲ್ಲಿ ಹೇಳಿದ್ದನ್ನೇ ಬರೆದುಕೊಂಡಿರಬೇಕು.

ನಡೆದದ್ದು ಇಷ್ಟು. ಹಿಂದಿನ ದಿನ ಸಂಜೆ ಮಗಳ ಬ್ಯಾಗಿನಲ್ಲಿ ಒಂದು ಚೀಟಿ ಬಂತು. ನನ್ನದು ಝೆರಾಕ್ಸ್ ಅಂಗಡಿ, ಕೆಟ್ಟ ಪ್ರತಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಇದು ಝೆರಾಕ್ಸಿನ ಝೆರಾಕ್ಸ್, ಅರ್ಧ ಪುಟ ಬರೀ ಮಸಿ. ಓದಲು ಸಿಕ್ಕಿದ್ದು ಒಂದೇ ಸಾಲು: 'ಟಿಡಿ ಲಸಿಕೆ ಹಾಕಿಸಲು ಒಪ್ಪಿಗೆ ಇದೆ / ಇಲ್ಲ'. ಟಿಡಿ ಅಂದ್ರೆ ಏನು, ಯಾವ ಕಾಯಿಲೆಗೆ, ಐದನೇ ಕ್ಲಾಸಿನವರಿಗೇ ಯಾಕೆ, ಒಂದಕ್ಷರ ಇಲ್ಲ. ಮಗಳನ್ನು ಕೇಳಿದರೆ 'ಗೊತ್ತಿಲ್ಲಪ್ಪ, ಮಿಸ್ಸು ಸೈನ್ ಹಾಕಿಸ್ಕೊಂಡು ಬನ್ನಿ ಅಂದ್ರು' ಅಂದಳು. ಅದೇ ರಾತ್ರಿ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಆಡಿಯೊ ಬಂತು. ಈ ಇಂಜೆಕ್ಷನ್ ಹಾಕಿಸಿದರೆ ಹೆಣ್ಣುಮಕ್ಕಳಿಗೆ ಮುಂದೆ ಮಕ್ಕಳಾಗಲ್ಲವಂತೆ! ಶುದ್ಧ ಸುಳ್ಳು. ಆದರೆ ಅದರಲ್ಲಿ ಒಂದೊಂದು ಮಾತೂ ಸ್ಪಷ್ಟ. ಸುಳ್ಳು ಹೇಳುವವರಿಗೆ ಇರುವ ಶಿಸ್ತು ಸರ್ಕಾರಿ ಚೀಟಿಗೆ ಇಲ್ಲವಲ್ಲ.

ಪಕ್ಕದ ಮೆಡಿಕಲ್ ಶಾಪಿನವರನ್ನು ಕೇಳಿದ ಮೇಲೆ ವಿಷಯ ಗೊತ್ತಾಯಿತು. ಹಿಂದೆ ಬರೀ ಧನುರ್ವಾಯುವಿಗೆ ಅಂತ ಕೊಡುತ್ತಿದ್ದ ಟಿಟಿ ಇಂಜೆಕ್ಷನ್ನಿಗೆ ಈಗ ಗಂಟಲುಮಾರಿಯದನ್ನೂ (ಡಿಫ್ತೀರಿಯಾ) ಸೇರಿಸಿದ್ದಾರೆ, ಅದೇ ಟಿಡಿ, ಅಷ್ಟೇ. ಎಳೆಯದರಲ್ಲಿ ಹಾಕಿಸಿದ ಲಸಿಕೆಯ ಬಲ ವರ್ಷ ಹೋದಂತೆ ಕಡಿಮೆಯಾಗುತ್ತದೆ. ಅದಕ್ಕೇ 5-6 ವರ್ಷಕ್ಕೆ ಡಿಪಿಟಿ (ಈ ಎರಡರ ಜೊತೆ ನಾಯಿಕೆಮ್ಮಿಗೂ ಸೇರಿದ್ದು), 10ಕ್ಕೆ ಮತ್ತು 16ಕ್ಕೆ ಟಿಡಿ. ಇಷ್ಟನ್ನು ಆ ಚೀಟಿಯಲ್ಲಿ ಬರೆಯಲು ಏನು ಕಷ್ಟವಿತ್ತು? ಕಾಲಿಗೆ ಮೊಳೆ ಚುಚ್ಚಿದರೆ ಟಿಟಿ ಹಾಕಿಸಲು ನಾವೇ ಓಡಿ ಹೋಗುತ್ತೇವೆ. ಇಂಥ ಜನಕ್ಕೆ ಮೂಢನಂಬಿಕೆಯಂತೆ.

ನಾನು 'ಇದೆ' ಎಂದು ಬರೆದು ಕಳಿಸಿದೆ. ಆದರೂ ಬೆಳಿಗ್ಗೆ ಫೋನ್ ಬಂತು, ಪೋಷಕರೊಬ್ಬರು ಬರಲೇಬೇಕು ಅಂತ. ಸ್ಕಾಲರ್‌ಶಿಪ್ ಅರ್ಜಿಯ ಕಾಲ, ಅಂಗಡಿ ಮುಂದೆ ಜನ ನಿಂತಿದ್ದರು. ಬಾಗಿಲು ಎಳೆದು ಹೋದೆ. ಹತ್ತು ಗಂಟೆ ಅಂದವರು ಬರುವಾಗ ಊಟದ ಬೆಲ್ ಹತ್ತಿರ ಬಂದಿತ್ತು. ನರ್ಸಮ್ಮನನ್ನು ಬಯ್ಯುವುದಿಲ್ಲ. ಪಾಪ, ಇನ್ನೊಂದು ಶಾಲೆ ಮುಗಿಸಿ ಐಸಿನ ಡಬ್ಬಿ ಹೆಗಲಿಗೆ ಹಾಕಿಕೊಂಡು ಆಟೊದಲ್ಲಿ ಬಂದಿದ್ದರು. ಅಷ್ಟು ಹೊತ್ತೂ ಮಕ್ಕಳನ್ನು ವರಾಂಡದಲ್ಲಿ ಸಾಲಾಗಿ ನಿಲ್ಲಿಸಿದ್ದರು. ಏಳನೇ ಕ್ಲಾಸಿನ ಹುಡುಗರು ಬಂದು ಬಂದು 'ಸೂಜಿ ಇಷ್ಟುದ್ದ ಇದೆ' ಅಂತ ಮೊಣಕೈವರೆಗೂ ತೋರಿಸಿ ಹೋಗುತ್ತಿದ್ದರು. ಗದರಿಸಲು ಒಬ್ಬ ಮೇಷ್ಟ್ರೂ ಇಲ್ಲ. ಕೊನೆಗೆ ಒಂದು ಹುಡುಗಿ ತಲೆಸುತ್ತಿ ಬಿದ್ದಳು. ಆ ಮಗುವಿಗೆ ಸೂಜಿ ಇನ್ನೂ ಮುಟ್ಟಿರಲೇ ಇಲ್ಲ! ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಅದರ ಮೇಲೆ ಹೆದರಿಕೆ. ತಿಂಡಿ ತಿನ್ನಿಸಿ ಕಳಿಸಿ ಎಂದು ಯಾರಾದರೂ ಹೇಳಿದ್ದರೆ ತಾನೆ? ಒಬ್ಬಳು ಬಿದ್ದದ್ದೇ ತಡ, ಸಾಲಿಗೆ ಸಾಲೇ ಅಳಲು ಶುರು. ಅಮ್ಮಂದಿರು ಮಕ್ಕಳ ಕೈ ಹಿಡಿದು ಮನೆಗೆ ನಡೆದರು. ಇದು ನಿಮ್ಮ 'ನೀರಸ ಪ್ರತಿಕ್ರಿಯೆ'.

ಈಗ ಇನ್ನೊಂದು ಶಾಲೆಯ ಕಥೆ ಕೇಳಿ. ನನ್ನ ತಂಗಿಯ ಮಗ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸು. ಅಲ್ಲಿನ ಟೀಚರಮ್ಮ ಲಸಿಕೆಯ ಹಿಂದಿನ ವಾರವೇ ಬೋರ್ಡಿನ ಮೇಲೆ ಗಂಟಲಿನ ಚಿತ್ರ ಬಿಡಿಸಿದ್ದರಂತೆ. ಗಂಟಲುಮಾರಿ ಬಂದರೆ ಒಳಗೆ ಬೂದು ಬಣ್ಣದ ಪೊರೆ ಕಟ್ಟಿ ಉಸಿರು ಹೇಗೆ ಕಟ್ಟುತ್ತದೆ ಅಂತ ಸೀಮೆಸುಣ್ಣದಲ್ಲೇ ಬಳಿದು ತೋರಿಸಿದ್ದಾರೆ. ಧನುರ್ವಾಯು ತುಕ್ಕಿನಿಂದ ಬರುವುದಲ್ಲ, ಮಣ್ಣಿನಲ್ಲಿರುವ ರೋಗಾಣುವಿನಿಂದ ಅಂತಲೂ ಹೇಳಿದ್ದಾರೆ. ನೋವಾಗುತ್ತಾ ಅಂತ ಮಕ್ಕಳು ಕೇಳಿದರೆ 'ಆಗುತ್ತೆ, ಇರುವೆ ಕಚ್ಚಿದ ಹಾಗೆ. ಒಂದೆರಡು ದಿನ ತೋಳು ನೋಯುತ್ತೆ, ಜ್ವರಾನೂ ಬರಬಹುದು' ಎಂದು ಸುಳ್ಳು ಹೇಳದೆ ಹೇಳಿದ್ದಾರೆ. ಮನೆಗೆ ಹೋಗಿ ಅಜ್ಜಿಯರನ್ನು ಗಂಟಲುಮಾರಿ ಬಗ್ಗೆ ಕೇಳಿಕೊಂಡು ಬನ್ನಿ ಅಂತ ಹೋಂವರ್ಕ್ ಬೇರೆ. ಅಜ್ಜಿಯರಿಗೆ ನೆನಪಿಲ್ಲದೆ ಇರುತ್ತದೆಯೇ? ಆ ಆಡಿಯೊ ತಂಗಿಯ ಊರಿಗೂ ಬಂದಿತ್ತು. ಅಜ್ಜಿಯೇ ಫೋನು ಕಿತ್ತುಕೊಂಡು ಅಳಿಸಿಹಾಕಿದರಂತೆ. ಆ ಕ್ಲಾಸಿನಲ್ಲಿ ಒಬ್ಬನೂ ತಪ್ಪಿಸಿಕೊಳ್ಳಲಿಲ್ಲ. ಅದೇ ತಾಲ್ಲೂಕು, ಅದೇ ಲಸಿಕೆ, ಅದೇ ಇಲಾಖೆ.

ಇದೇನು ಯಾರಿಗೂ ಗೊತ್ತಿಲ್ಲದ ಗುಟ್ಟಲ್ಲ. ಸಿಕ್ಕಿಂನಲ್ಲಿ 2018ರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಶಾಲೆಗಳಲ್ಲೇ ಹಾಕಿದರು. ಮೊದಲು ಮೇಷ್ಟ್ರುಗಳಿಗೆ, ಅಪ್ಪ ಅಮ್ಮಂದಿರಿಗೆ, ಪತ್ರಿಕೆಯವರಿಗೂ ಕೂರಿಸಿ ಹೇಳಿದರು. ಆಮೇಲೇ ಸೂಜಿ ಹಿಡಿದದ್ದು. ನೂರಕ್ಕೆ 95ಕ್ಕಿಂತ ಜಾಸ್ತಿ ಹುಡುಗಿಯರು ಹಾಕಿಸಿಕೊಂಡರು. ನಮ್ಮಲ್ಲಿ 2017ರಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕುವಾಗಲೂ ವಾಟ್ಸ್‌ಆ್ಯಪ್‌ನಲ್ಲಿ ಇಂಥದ್ದೇ ಗಾಳಿಸುದ್ದಿ ಎದ್ದಿತ್ತು. ಅಷ್ಟು ವರ್ಷದಿಂದ ಕಲಿತದ್ದೇನು? ಇನ್ನು, ಜನ ಹೆದರಲು ಕಾರಣವೇ ಇಲ್ಲ ಅನ್ನಬೇಡಿ. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ಲಸಿಕೆ ಹಾಕಿಸಿಕೊಂಡ ಮೇಲೆ ಮೂರು ಕೂಸುಗಳು ಹೋದವು. ಲಸಿಕೆಯನ್ನು ಇಡಬೇಕಾದ ಹಾಗೆ ಇಟ್ಟಿರಲಿಲ್ಲ ಅಂತ ಆಗ ಅಧಿಕಾರಿಗಳೇ ಹೇಳಿದ್ದರು. ಇದನ್ನು ಕೇಳಿದ ತಾಯಿ ನಾಲ್ಕು ಪ್ರಶ್ನೆ ಕೇಳಿದರೆ ಉತ್ತರ ಕೊಡಬೇಕೋ, ಮೂಢರು ಅಂತ ಪೇಪರಿನಲ್ಲಿ ಹಾಕಿಸಬೇಕೋ?

ಶಾಲೆಗೆ ಇಬ್ಬರು ಶಿಕ್ಷಕರನ್ನು ಆರೋಗ್ಯದ ರಾಯಭಾರಿಗಳು ಅಂತ ಮಾಡಿ, ವಾರಕ್ಕೊಂದು ಗಂಟೆ ಪಾಠ ಮಾಡಿಸಬೇಕು ಅಂತ 2020ರಲ್ಲೇ ಕೇಂದ್ರದ ಯೋಜನೆ ಬಂದಿದೆ. ನಮ್ಮ ಶಾಲೆಯ ರಾಯಭಾರಿಗಳು ಯಾವ ದೇಶಕ್ಕೆ ಹೋಗಿದ್ದಾರೋ! ಅಲ್ಲ, ಮೇಷ್ಟ್ರುಗಳಾದರೂ ಏನು ಮಾಡಬೇಕು? ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ವೋಟರ್ ಲಿಸ್ಟು. 2025ರ ಜಾತಿ ಸಮೀಕ್ಷೆಗೆ ದಸರಾ ರಜೆಯಲ್ಲೂ ಸರ್ಕಾರದವರು ಅವರನ್ನೇ ಬೀದಿ ಬೀದಿ ಅಲೆಸಿದರು. ಪಾಠ ಮಾಡುವುದೊಂದನ್ನು ಬಿಟ್ಟು ಉಳಿದ ಕೆಲಸಕ್ಕೆಲ್ಲ ಅವರೇ ಬೇಕು.

ಆರೋಗ್ಯ ಇಲಾಖೆಯ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ನಮ್ಮ ಬೀದಿಯ ಮಗುವಿಗೆ ನಾಯಿ ಕಚ್ಚಿದಾಗ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಇಲ್ಲ, ಜಿಲ್ಲೆಗೆ ಹೋಗಿ ಅಂದರು. ನಾವೇ ಬೇಕು ಅಂತ ಬಂದಾಗ ಲಸಿಕೆ ಇರುವುದಿಲ್ಲ. ಇದ್ದಾಗ ಏನೆಂದು ಹೇಳುವುದಿಲ್ಲ. ನಾಯಿ ಹಿಡಿಸಿ ಅಂತ ಕೊಟ್ಟ ಅರ್ಜಿ ಪುರಸಭೆಯಲ್ಲಿ ಯಾವ ಫೈಲಿನಡಿ ಮಲಗಿದೆಯೋ, ಆ ನಾಯಿಗಳಿಗೇ ಗೊತ್ತು.

ಆದ್ದರಿಂದ ತಾಲ್ಲೂಕು ಆರೋಗ್ಯಾಧಿಕಾರಿಗಳು ಒಮ್ಮೆ ಸ್ವತಃ ಶಾಲೆಗೆ ಬಂದು ಮಕ್ಕಳ ಮುಂದೆ ನಿಂತು ಮಾತಾಡಲಿ. ಇಲ್ಲವೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಾದರೂ ಆ ಹಳ್ಳಿ ಟೀಚರಮ್ಮನನ್ನು ಕರೆಸಿ ಉಳಿದವರಿಗೆ ಹೇಳಿಸಲಿ. ತಪ್ಪಿಹೋದ ಮಕ್ಕಳಿಗೆ ಮತ್ತೊಂದು ದಿನ ಲಸಿಕೆ ಹಾಕಲಿ, ಊಟ ಆದ ಮೇಲೆ. ಚೀಟಿಯನ್ನು ನನ್ನ ಅಂಗಡಿಗೆ ತಂದುಕೊಟ್ಟರೆ ಕಾಸು ತೆಗೆದುಕೊಳ್ಳದೆ ಚೆನ್ನಾಗಿ ಟೈಪ್ ಮಾಡಿಕೊಡುತ್ತೇನೆ. ಹಾಗೇ ಶಾಲೆ ಗೇಟಿನ ಮುಂದಿನ ಚರಂಡಿಗೆ ಚಪ್ಪಡಿ ಹಾಕಿಸಿ. ಅದನ್ನು ದಾಟುವಾಗ ಅವತ್ತು ಇಬ್ಬರು ಬಿದ್ದರು. ಅದಕ್ಕೂ ನಮ್ಮ ಮೂಢನಂಬಿಕೆಯೇ ಕಾರಣ ಅಂತ ಬರೆಸುತ್ತೀರೋ ಏನೋ.

ಇಂತಿ,
ಐದನೇ ಕ್ಲಾಸಿನ ಒಬ್ಬ ಪೋಷಕ
ಹಳೇಪೇಟೆ